ಅರ್ಧ ತಾಸು ಕಿಸೆ ಇಲ್ಲದ ಅಂಗಿ

ವಿಜಯಪುರದ ಗಾಂಧಿ ಚೌಕಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್. ಮುಂಜಾನೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕಣ್ಣು ಪರದೆ ಮೇಲೆ, ಕಿವಿ ಫೋನಿನ ಮೇಲೆ. ಟೇಬಲ್ ಮೇಲಿನ ಪುಟ್ಟ ಡಬ್ಬಿ ಗಳಿಗೆಗೊಮ್ಮೆ ಹತ್ತು ರೂಪಾಯಿ ಬಂತು, ಇಪ್ಪತ್ತು ರೂಪಾಯಿ ಬಂತು ಎಂದು ಕೂಗುತ್ತಿರುತ್ತದೆ. ಹೀಗಾಗಿ "ಫೋನ್ ಬಿಡ್ರಿ, ಮನಸ್ಸು ತಾನೇ ಶಾಂತ ಆಗ್ತದ" ಎಂದು ಯಾರಾದರೂ ಬುದ್ಧಿ ಹೇಳಿದರೆ ನನಗೆ ನಗು ಬರುತ್ತದೆ. ರೈತನಿಗೆ ಕೂರಿಗೆ ಬಿಡು ಅಂದ ಹಾಗೆ ಅದು.

ಈ ಬರಹ ನನ್ನಂಥವರಿಗೆ. ದೇವರಲ್ಲಿ ಮನಸ್ಸಿದೆ, ಮಠಕ್ಕೂ ಹೋಗುತ್ತೀರಿ, ಆದರೆ ಕಣ್ಣು ಮುಚ್ಚಿದ ಕೂಡಲೇ ವಾಟ್ಸಾಪ್ ನೆನಪಾಗುತ್ತದೆ ಅನ್ನುವವರಿಗೆ. ನಾನು ಸಾಧಕನೂ ಅಲ್ಲ, ಸ್ವಾಮಿಯೂ ಅಲ್ಲ. ನಾಲ್ಕು ವರ್ಷ ಮಾಡಿ, ಕೆಡಿಸಿ, ಮತ್ತೆ ಮಾಡಿದ್ದನ್ನು ಹೇಳುತ್ತಿದ್ದೇನೆ. ಮನಸ್ಸನ್ನು ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ ಅಂತ ಗೊತ್ತಾಗಿದೆ. ಹೋಗಿ ಕೂಡುವುದು ಮಾತ್ರ ನನ್ನ ಕೈಯಲ್ಲಿದೆ. ಕೆಳಗೆ ಹೇಳುವುದೆಲ್ಲ ಆ ಕೂಡುವುದಕ್ಕೆ ಮಾಡಿಕೊಂಡ ತಯಾರಿ ಅಷ್ಟೇ.

ಮೊದಲ ದಿನ ಏನೂ ಬಿಡಬೇಡಿ, ಸುಮ್ನೆ ಎಣಿಸಿ

ಅಂಗಡಿ ಗೋಡೆಯ ಕ್ಯಾಲೆಂಡರಿಗೆ ಒಂದು ಪೆನ್ಸಿಲ್ ಕಟ್ಟಿ. ಕಾರಣ ಇಲ್ಲದೆ ಫೋನ್ ಎತ್ತಿದಾಗಲೆಲ್ಲ ಅವತ್ತಿನ ಮನೆಯಲ್ಲಿ ಒಂದು ಗೆರೆ ಎಳೆಯಿರಿ. ಕೆಲಸಕ್ಕೆ ಎತ್ತಿದ್ದು ಲೆಕ್ಕಕ್ಕಿಲ್ಲ.

ನನ್ನದು ಮಧ್ಯಾಹ್ನ ಊಟದ ಹೊತ್ತಿಗೆ ಮೂವತ್ತೇಳು ಆಗಿತ್ತು. ಎಣಿಕೆಗಿಂತ ನನಗೆ ಆಶ್ಚರ್ಯ ಆಗಿದ್ದು ಬೇರೆಯದು. ಕೆಲಸದ ನಡುವೆ ನಾನು ಫೋನ್ ಎತ್ತಿರಲೇ ಇಲ್ಲ. ಎತ್ತಿದ್ದೆಲ್ಲ ಸಂದಿನಲ್ಲಿ. ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವುದರೊಳಗೆ. ಪ್ರಿಂಟರ್ ಬಿಸಿಯಾಗುವಷ್ಟರಲ್ಲಿ. ಓಟಿಪಿ ಬರಲಿ ಅಂತ ಕಾಯುವಾಗ.

ನಮ್ಮ ಅವ್ವನ ನೆನಪಾಯಿತು. ಕೆಲಸದ ನಡುವೆ ಆಕೆಗೂ ಇಂಥವೇ ಸಂದುಗಳಿದ್ದವು. ಕೊಡ ಇಳಿಸಿದಾಗ "ಶಿವನೇ". ಆಕಳಿಕೆ ಬಂದರೆ "ಶಿವಶಿವ". ಒಲೆ ಹತ್ತುವವರೆಗೆ ಬಾಯಲ್ಲಿ ಏನೋ ಒಂದು ಪದ. ಆಕೆ ದೇವರನ್ನು ಇಟ್ಟಿದ್ದ ಜಾಗದಲ್ಲೇ ನಾನು ಫೋನ್ ಇಟ್ಟಿದ್ದೆ. ಇದು ತಿಳಿದ ಮೇಲೆ ಕೆಲಸ ಸುಲಭ ಆಯಿತು. ಹನ್ನೆರಡು ತಾಸನ್ನು ಗೆಲ್ಲಬೇಕಾಗಿಲ್ಲ, ಈ ಸಂದುಗಳಲ್ಲಿ ಕೆಲವನ್ನು ವಾಪಸ್ ತೆಗೆದುಕೊಂಡರೆ ಸಾಕು.

ನೇಮ ಹಿಡಿಯಿರಿ, ಆದರೆ ಸಣ್ಣದು

ನಮ್ಮ ಕಡೆ ಇಂಚಗೇರಿ ಸಂಪ್ರದಾಯ ಅನ್ನುವ ಗುರುಪರಂಪರೆಯವರು ದಿನದ ಧ್ಯಾನಕ್ಕೆ "ನೇಮ" ಅನ್ನುತ್ತಾರೆ. ನನಗೆ ಈ ಮಾತು ಇಷ್ಟ. ಧ್ಯಾನ ಅಂದರೆ ಏನೋ ಆಗಬೇಕು ಅನ್ನಿಸುತ್ತದೆ. ನೇಮ ಅಂದರೆ ಹಾಗಲ್ಲ. ಆಗಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಕೂಡುವುದು.

ಅದೇ ಸಂಪ್ರದಾಯದ ಗುರುದೇವ ರಾನಡೆ ಅವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು. ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯವರೆಗೆ ಹೋದರು. 1957ರಲ್ಲಿ ತೀರಿಕೊಂಡಿದ್ದು ಮಾತ್ರ ನಮ್ಮ ಜಿಲ್ಲೆಯ ನಿಂಬಾಳದಲ್ಲಿ. ಸೊಲ್ಲಾಪುರ ರೈಲಿನಲ್ಲಿ ಹೋದರೆ ಸ್ಟೇಷನ್ ಬಳಿಯೇ ಅವರ ಆಶ್ರಮ. ಪಾಠ, ಬರವಣಿಗೆ, ಆಡಳಿತ ಇಷ್ಟೆಲ್ಲ ಹೊತ್ತುಕೊಂಡೂ ಅವರು ನಾಮಸ್ಮರಣೆ ಬಿಡಲಿಲ್ಲ. ಅವರು ಕೂಡುತ್ತಿದ್ದಷ್ಟು ಹೊತ್ತು ನಮ್ಮಿಂದ ಆಗಲ್ಲ, ಆ ಆಸೆಯೂ ಬೇಡ. "ಟೈಮ್ ಇಲ್ಲ" ಅನ್ನುವ ನೆಪ ಹೇಳುವ ಮುಂಚೆ ಅವರನ್ನೊಮ್ಮೆ ನೆನೆಸಿಕೊಂಡರೆ ಆಯಿತು.

ಮೊದಲ ತಿಂಗಳು ಹತ್ತು ನಿಮಿಷ ಸಾಕು. ಜಾಸ್ತಿ ಕೂಡಬೇಡಿ, ಕೂಡಬೇಕು ಅನ್ನಿಸಿದರೂ ಏಳಿ. ಹತ್ತು ನಿಮಿಷ ಗಟ್ಟಿಯಾದ ಮೇಲೆ ಹದಿನೈದು, ಆಮೇಲೆ ಅರ್ಧ ತಾಸು. ನಾನು ಅಲ್ಲಿಗೇ ನಿಲ್ಲಿಸಿದ್ದೇನೆ. ಬೆಳಗಾವಿ ಕಡೆಯ ನಮ್ಮ ಜೈನ ಗೆಳೆಯ ಸಾಮಾಯಿಕ ಅನ್ನುವ ಧ್ಯಾನಕ್ಕೆ 48 ನಿಮಿಷ ಕೂಡುತ್ತಾನೆ. ಅದು ಎರಡು ಗಳಿಗೆಯ ಲೆಕ್ಕ. ಒಂದು ಗಳಿಗೆ ಅಂದರೆ 24 ನಿಮಿಷ. ಅವನದು ಮನೆಯಲ್ಲಿ ಹಿರಿಯರಿಂದ ಬಂದ ರೂಢಿ. ಹೊಸಬರು ಅಷ್ಟಕ್ಕೆ ಕೈ ಹಾಕಿದರೆ ಎಂಟನೇ ದಿನ ಬಿಟ್ಟೇ ಬಿಡುತ್ತೀರಿ.

ಹೊತ್ತು ಯಾವುದು? ನಸುಕು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನಳದ ನೀರು ನಸುಕಿನಲ್ಲೇ ಬರುವ ಓಣಿಯಲ್ಲಿ ಇದ್ದರೆ ಏನು ಮಾಡುತ್ತೀರಿ? ಕೊಡ ತುಂಬಿದ ಮೇಲೆ ಕೂಡಿ. ಗಂಟೆಗೆ ಗಂಟು ಹಾಕಬೇಡಿ, ದಿನಾ ಮಾಡುವ ಒಂದು ಕೆಲಸಕ್ಕೆ ಗಂಟು ಹಾಕಿ. ನನ್ನದು ಸ್ನಾನಕ್ಕೆ ಗಂಟು. ಸ್ನಾನ ಆಯಿತು ಅಂದರೆ ದೇವರ ಜಗಲಿ ಮುಂದೆ.

ಅಂಗಿಯ ಕಥೆ

ನಮ್ಮೂರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು (ನಮಗೆಲ್ಲ ಅವರು ಅಪ್ಪಗಳು) ನೋಡಿದವರಿಗೆ ಅವರ ಅಂಗಿ ನೆನಪಿರುತ್ತದೆ. ಬಿಳಿ ಅಂಗಿ, ಅದಕ್ಕೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಎಂದರು. 2023ರ ಜನವರಿ 2ರಂದು ಅವರು ಹೋದಾಗ ಊರಿಗೆ ಊರೇ ಸೋಲಾಪುರ ರಸ್ತೆಯಲ್ಲಿತ್ತು. ತಮಗೆ ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ಆ ಕಿಸೆ ಇಲ್ಲದ ಅಂಗಿಯನ್ನು ಎಲ್ಲರೂ ದುಡ್ಡಿನ ಜೊತೆ ಸೇರಿಸಿ ಮಾತಾಡುತ್ತಾರೆ. ನನಗೆ ಹೊಳೆದದ್ದು ಬೇರೆ. ಕಿಸೆ ಇಲ್ಲದಿದ್ದರೆ ಫೋನ್ ಎಲ್ಲಿ ಇಡೋದು?

ಓಣಿಯ ಟೇಲರ್ ಕಾಕಾನ ಹತ್ತಿರ ಹೋಗಿ ಕಿಸೆ ಇಲ್ಲದ ಒಂದು ಅಂಗಿ ಹೊಲಿದುಕೊಡಿ ಅಂದೆ. ಅಳತೆ ಟೇಪು ಕೊರಳಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡಿದರು. "ಯಾಕಪ್ಪಾ, ಸನ್ಯಾಸ ತಗೊಳ್ಳಾಕತ್ತೀಯೇನು?" ಅಂದರು. ಅರ್ಧ ತಾಸು ಮಾತ್ರ ಕಾಕಾ ಅಂದೆ.

ನಗಬೇಡಿ, ಇದು ಕೆಲಸ ಮಾಡುತ್ತದೆ. ಸ್ನಾನ ಆದ ಮೇಲೆ ಆ ಅಂಗಿ ಹಾಕುತ್ತೇನೆ, ಕೆಳಗೆ ಲುಂಗಿ. ಎದೆ ಮೇಲೆ ಭಾರ ಇರುವುದಿಲ್ಲ. ಮೊದಲ ವಾರ ಕೈ ತಾನೇ ಎದೆಗೆ ಹೋಗಿ, ಬರೀ ಬಟ್ಟೆ ಮುಟ್ಟಿ ವಾಪಸ್ ಬರುತ್ತಿತ್ತು. ಕೈಗೆ ಎಷ್ಟು ಚಟ ಹತ್ತಿದೆ ಅಂತ ಆಗ ಗೊತ್ತಾಯಿತು. ಹೊಸ ಅಂಗಿ ಹೊಲಿಸಲೇಬೇಕು ಅಂತ ಏನೂ ಇಲ್ಲ, ಹಳೆಯ ಅಂಗಿಯ ಕಿಸೆ ಬಿಚ್ಚಿದರೂ ನಡೆಯುತ್ತದೆ. ಹೆಂಗಸರಿಗೆ ಈ ತೊಂದರೆ ಕಡಿಮೆ ಅಂದುಕೊಂಡಿದ್ದೆ. ನನ್ನ ಹೆಂಡತಿ "ನಾವು ಸೊಂಟಕ್ಕ ಸಿಗಿಸ್ಕೊಂತೀವಿ, ಗೊತ್ತಿಲ್ಲೇನು" ಅಂದಳು. ಹಾಗಿದ್ದರೆ ಅದನ್ನೂ ಅಡುಗೆ ಮನೆಯ ಶೆಲ್ಫಿಗೆ ಏರಿಸಬೇಕು.

ಪಕ್ಕದ ಪಂಕ್ಚರ್ ಅಂಗಡಿಯ ಚಾಚಾನಿಂದಲೂ ಒಂದು ಕಲಿತೆ. ಆಜಾನ್ ಆದ ಕೂಡಲೇ ಅವರು ಶಟರ್ ಅರ್ಧ ಎಳೆದು, ನಮಾಜಿನ ಮುಂಚೆ ಕೈಕಾಲು ತೊಳೆಯುವ ವಜೂಗೆ ಕೂಡುತ್ತಾರೆ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆಯ ಮೇಲೆ ಒದ್ದೆ ಕೈ, ಕಾಲು. ಒಂದಾದ ಮೇಲೊಂದು, ಅವಸರ ಇಲ್ಲ. "ಕಾಲು ತೊಳಿಯೂದ್ರೊಳಗ ಅಂಗಡಿ ತಲೀಯಿಂದ ಇಳಿದಿರ್ತದ" ಅಂತ ಒಮ್ಮೆ ಹೇಳಿದರು. ಯಾವ ಧರ್ಮದವರೇ ಇರಿ, ಕೂಡುವ ಮುಂಚೆ ಇಂಥ ಒಂದು ಮೆಟ್ಟಿಲು ಇಟ್ಟುಕೊಳ್ಳಿ. ನೇರವಾಗಿ ಬೈಕ್ ಇಳಿದು ಜಪಕ್ಕೆ ಕೂತರೆ ಇಂಜಿನ್ ಒಳಗೆ ಓಡುತ್ತಲೇ ಇರುತ್ತದೆ.

ಫೋನಿಗೆ ಮಾಡಬೇಕಾದ್ದು

ಅದನ್ನು ಸೈಲೆಂಟ್ ಮಾಡಿ ಪಕ್ಕದಲ್ಲಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಬೇರೆ ಕೋಣೆಯಲ್ಲಿ ಇರಬೇಕು. "ಮನೆಯಲ್ಲಿ ವಯಸ್ಸಾದವರಿದ್ದಾರೆ, ತುರ್ತು ಕರೆ ಬಂದರೆ?" ಅಂತ ನೀವು ಕೇಳುತ್ತೀರಿ. ಗಿರಾಕಿಗಳೂ ಇದನ್ನೇ ಕೇಳುತ್ತಾರೆ. ಸೆಟ್ಟಿಂಗ್ಸಿನಲ್ಲಿ ಡು ನಾಟ್ ಡಿಸ್ಟರ್ಬ್ ಅಂತ ಇದೆ. ಅದರೊಳಗೆ ಮನೆಯವರ ನಾಲ್ಕು ನಂಬರಿಗೆ ಮಾತ್ರ ಬಿಡುವು ಕೊಡಬಹುದು. ಅಲ್ಲೇ ರಿಪೀಟ್ ಕಾಲರ್ಸ್ ಅನ್ನುವುದನ್ನು ಆನ್ ಮಾಡಿ. ಆಂಡ್ರಾಯ್ಡ್ ಫೋನಿನಲ್ಲಿ ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದರೆ ಗಂಟೆ ಬಾರಿಸುತ್ತದೆ. ನಿಜವಾಗಿ ತುರ್ತಿದ್ದವರು ಎರಡು ಸಲ ಮಾಡೇ ಮಾಡುತ್ತಾರೆ ಅಲ್ವಾ. ಮನೆಯವರಿಗೆ ಈ ವಿಷಯ ಮೊದಲೇ ಹೇಳಿಡಿ. ವೇಳೆ ಹಾಕಿಟ್ಟರೆ ದಿನಾ ತಾನೇ ಆನ್ ಆಗಿ ತಾನೇ ಆಫ್ ಆಗುತ್ತದೆ.

ವಾಟ್ಸಾಪ್ ಗುಂಪುಗಳನ್ನು ಕಾಯಂ ಮ್ಯೂಟ್ ಮಾಡಿ, ಆಮೇಲೆ ಆರ್ಕೈವ್ ಮಾಡಿ. ಗುಂಪು ಬಿಟ್ಟರೆ ಮಾವನವರು ಬೇಜಾರು ಮಾಡಿಕೊಳ್ಳುತ್ತಾರೆ, ಆರ್ಕೈವ್ ಮಾಡಿದರೆ ಯಾರಿಗೂ ಗೊತ್ತಾಗಲ್ಲ.

ಒಂದು ಅಲಾರಂ ಗಡಿಯಾರ ತನ್ನಿ. ಇದು ಸಣ್ಣ ಮಾತು ಅಂತ ಬಿಡಬೇಡಿ. ನನ್ನ ಮೊದಲ ಮೂರು ತಿಂಗಳು ಕೆಟ್ಟಿದ್ದೇ ಇದರಿಂದ. ಟೈಮ್ ನೋಡೋಣ ಅಂತ ಫೋನ್ ಎತ್ತುತ್ತಿದ್ದೆ. ಕೆಳಗಿಟ್ಟಾಗ ಟೈಮ್ ಎಷ್ಟಾಗಿದೆ ಅಂತ ನೋಡಿರುತ್ತಲೇ ಇರಲಿಲ್ಲ!

ಜಪ ಎಣಿಸಲು ಆ್ಯಪ್ ಹಾಕಿಕೊಳ್ಳಬೇಡಿ. ನಾನು ಹಾಕಿಕೊಂಡಿದ್ದೆ. ಪರದೆ ಮುಟ್ಟಿದರೆ ಒಂದು ಎಣಿಕೆ, ಸಣ್ಣ ಗಂಟೆ ಸದ್ದು, ಚೆನ್ನಾಗಿತ್ತು. ಐವತ್ನಾಲ್ಕಕ್ಕೆ ಬಂದಾಗ ಶಿವನ ಚಿತ್ರ ಸರಿದು ಸಾಲ ಕೊಡುತ್ತೇವೆ ಅನ್ನುವ ಜಾಹೀರಾತು ಬಂತು. ಬಡ್ಡಿ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತಾ ಉಳಿದ ಐವತ್ನಾಲ್ಕು ಮುಗಿಸಿದೆ. ಮಣಿಸರ ಇದ್ದರೆ ಸರಿ, ಇಲ್ಲದಿದ್ದರೆ ಬೆರಳು ಸಾಕು. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು. ಹೆಬ್ಬೆರಳಿನಿಂದ ಮುಟ್ಟುತ್ತಾ ಹೋಗಿ. ಒಂಬತ್ತು ಸುತ್ತಿಗೆ 108. ನಮ್ಮ ಅಜ್ಜಿ ಹುಣಸೆ ಬೀಜ ಎಣಿಸಿ ಒಂದು ಬಟ್ಟಲಿನಲ್ಲಿ ಇಟ್ಟುಕೊಂಡು, ನಾಮಕ್ಕೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕುತ್ತಿದ್ದಳು. ಬೀಜ ಬಿದ್ದ ಟಕ್ ಸಪ್ಪಳ ಪಡಸಾಲೆಗೂ ಕೇಳುತ್ತಿತ್ತು. ಸಪ್ಪಳ ನಿಂತರೆ ಅಜ್ಜಿಗೆ ತೂಕಡಿಕೆ ಹತ್ತಿದೆ ಅಂತ ಅರ್ಥ.

ಕೂತ ಮೇಲೆ

ಹೆಸರು, ಉಸಿರು, ಇಷ್ಟಲಿಂಗ, ದೀಪದ ಕುಡಿ. ಯಾವುದಾದರೂ ಒಂದನ್ನು ಹಿಡಿಯಿರಿ, ತಿಂಗಳಿಗೊಂದು ಬದಲಿಸಬೇಡಿ. ಲಿಂಗದೀಕ್ಷೆ ಆದವರಿಗೆ ದಾರಿ ಮೊದಲೇ ಇದೆ. ಎಡ ಅಂಗೈಯಲ್ಲಿ ಲಿಂಗ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ದೃಷ್ಟಿ ಇಡುವುದು. ಕೈ ಒಂದು, ಕಣ್ಣು ಒಂದು ಕೆಲಸಕ್ಕೆ ಹತ್ತಿದರೆ ಫೋನ್ ಹಿಡಿಯಲು ಬೇರೆ ಕೈ ಉಳಿದಿರಲ್ಲ. ಹೇಗೆ ಮಾಡಬೇಕು ಅನ್ನುವುದನ್ನು ದೀಕ್ಷೆ ಕೊಟ್ಟ ಗುರುವಿನ ಹತ್ತಿರವೇ ಕೇಳಿ.

ಮನಸ್ಸು ಹೋಗುತ್ತದೆ. ಬಸವಣ್ಣನವರೇ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿಕೊಂಡಿದ್ದಾರೆ. ನಿಂತಲ್ಲಿ ನಿಲ್ಲದು ಅಂತ. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಅವರಿಗೆ ಫೋನ್ ಇರಲಿಲ್ಲ, ಕೋತಿ ಇತ್ತು. ಹಾಗಾಗಿ ಎಲ್ಲ ತಪ್ಪನ್ನೂ ಫೋನಿನ ಮೇಲೆ ಹಾಕುವ ಹಾಗಿಲ್ಲ.

ಕೋತಿ ವಿಷಯ ಬಂತಲ್ಲ, ಬಾದಾಮಿ ಗುಹೆಗಳಿಗೆ ಹೋದವರು ಇದನ್ನು ನೋಡಿರುತ್ತೀರಿ. ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತವೆ. ಕೈಯಲ್ಲಿ ಚೀಲ ಹಿಡಿದು, ಎದೆಗವಚಿಕೊಂಡು, "ಹಚಾ ಹಚಾ" ಅಂತ ಹೆದರಿಸುತ್ತಾ ಹೋಗುವವರ ಹಿಂದೆಯೇ ಬೀಳುತ್ತವೆ. ಖಾಲಿ ಕೈ ಬೀಸಿಕೊಂಡು ತನ್ನ ಪಾಡಿಗೆ ಹತ್ತುವವನನ್ನು ಒಮ್ಮೆ ನೋಡಿ, ಮತ್ತೆ ಹೇನು ಹೆಕ್ಕುತ್ತಾ ಕೂಡುತ್ತವೆ. ಕೂತಾಗ ಬರುವ ಯೋಚನೆಗೂ ಹೀಗೇ ಮಾಡಿ ನೋಡಿ. ಓಡಿಸಲು ಹೋಗಬೇಡಿ, ತಿನ್ನಲೂ ಕೊಡಬೇಡಿ. "ಅಂಗಡಿ ಬಾಡಿಗೆ" ಅಂತ ಒಂದು ಬಂತು. ಬಂತು ಅಂತ ನೋಡಿ, ಮುಂದಿನ ನಾಮ ಹೇಳಿ. ಅರ್ಧ ತಾಸಿನಲ್ಲಿ ನೂರು ಸಲ ಹೋದರೆ ನೂರು ಸಲ ವಾಪಸ್ ಬಂದಿರಿ ಅಂತಲೇ ಲೆಕ್ಕ. ತುಂಬ ಕಾಡುವ ವ್ಯವಹಾರ ಇದ್ದರೆ ಕೂಡುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಡಿ. ಮರೆತು ಹೋಗುತ್ತೆ ಅನ್ನುವ ಭಯಕ್ಕೇ ಅದು ಮತ್ತೆ ಮತ್ತೆ ಬರುವುದು.

ಸಂದುಗಳಿಗೆ ಹೆಸರು

ಈಗ ಅಂಗಡಿಗೆ ಬರೋಣ. ಗೆರೆ ಎಳೆದ ಕ್ಯಾಲೆಂಡರ್ ನೋಡಿ ಒಂದೇ ಒಂದು ಸಂದು ಆರಿಸಿ. ನಾನು ಆರಿಸಿದ್ದು ಓಟಿಪಿ. ಗಿರಾಕಿ ಫೋನಿಗೆ ಓಟಿಪಿ ಬರುವವರೆಗೆ ಕೈ ಮೌಸ್ ಬಿಟ್ಟು ತೊಡೆ ಮೇಲೆ, ಬಾಯಲ್ಲಿ ನಾಮ. ಕೆಲವು ದಿನ ಸರ್ವರ್ ಡೌನ್ ಆಗಿ ಓಟಿಪಿ ಬರುವುದೇ ಇಲ್ಲ. ಅಂಥ ದಿನ ನನ್ನ ಜಪ ಭರ್ಜರಿ. ಎರಡು ತಿಂಗಳಾದ ಮೇಲೆ ಪ್ರಿಂಟರ್ ಸಂದು ಸೇರಿಸಿದೆ. ಗಿರಾಕಿ ಜೊತೆ ಮಾತಾಡುತ್ತಿರುವಾಗ ಜಪ ಮಾಡಲು ಹೋಗಬೇಡಿ. ಒಬ್ಬ ಅಜ್ಜನ ಪೆನ್ಶನ್ ಅರ್ಜಿಯಲ್ಲಿ ಹುಟ್ಟಿದ ವರ್ಷ ತಪ್ಪು ಹೊಡೆದು, ಆತ ಮತ್ತೆ ಹಳ್ಳಿಯಿಂದ ಬಸ್ ಹತ್ತಿ ಬರಬೇಕಾಯಿತು. ಆವತ್ತು ನನಗೆ ಕಾಯಕ ಅಂದರೇನು ಅಂತ ಚೆನ್ನಾಗಿ ತಿಳಿಯಿತು. ಅರ್ಜಿ ತುಂಬುವಾಗ ಅರ್ಜಿಯೇ ನೇಮ.

ಕೈಗೆ ಮಾತ್ರ ಕೆಲಸ, ತಲೆಗೆ ಕೆಲಸ ಇಲ್ಲ ಅನ್ನುವ ಕಡೆ ಬೇರೆ. ನಮ್ಮ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಕೂತು ನೋಡಿದ್ದೇನೆ. ಬಿಸಿನೀರಿಗೆ ಹಿಟ್ಟು ನಾದಿ, ಉಂಡೆ ಮಾಡಿ, ಕೊಮಣಿಗೆಯಲ್ಲಿಟ್ಟು ಅಂಗೈಯಲ್ಲಿ ಬಡಿಯುತ್ತಾ ತಿರುಗಿಸುತ್ತಾಳೆ. ತಪ್ ತಪ್ ತಪ್. ಆ ತಾಳಕ್ಕೆ "ಶಿವಾ ಶಿವಾ" ತಾನೇ ಕೂಡುತ್ತದೆ. ಹಂಚಿಗೆ ಹಾಕಿ ನೀರು ಸವರುವಾಗ ಮಾತ್ರ ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ಕಣ್ಣು ಇರಬೇಕು. ಈಗ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ ಫೋನ್ ಡಬ್ಬಿಗೆ ಆನಿಸಿಟ್ಟು ಧಾರಾವಾಹಿ ಹಚ್ಚುತ್ತಾರೆ. ನಾನು ಏನೂ ಅನ್ನುವುದಿಲ್ಲ, ರೊಟ್ಟಿ ಬೇಕಲ್ಲ.

ದೇವರ ಹೆಸರಿನಲ್ಲೇ ಬರುವ ಗದ್ದಲ

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನನ್ನ ಅನುಭವದಲ್ಲಿ ಜಾಸ್ತಿ ಹೊತ್ತು ತಿಂದಿದ್ದು ಸಿನಿಮಾ ಅಲ್ಲ, ಕ್ರಿಕೆಟ್ ಅಲ್ಲ. ಭಕ್ತಿ. ಮುಂಜಾನೆ ಹೂವು, ದೀಪ, ದೇವರ ಚಿತ್ರದ ಶುಭೋದಯ. ಅದಕ್ಕೆ ಕೈ ಮುಗಿದ ಗುರುತು ಕಳಿಸಬೇಕು. ಆಮೇಲೆ ಪ್ರವಚನದ ತುಣುಕು. ಅಪ್ಪಗಳದ್ದು ಅರ್ಧ ನಿಮಿಷ, ಅದರ ಕೆಳಗೆ ಇನ್ನೊಬ್ಬರದ್ದು, ಅದರ ಕೆಳಗೆ ಯಾವುದೋ ಮದುವೆ ಕುಣಿತ. ಮುಕ್ಕಾಲು ತಾಸು ಹೋಗಿರುತ್ತದೆ, ದೇವರ ಕೆಲಸ ಮಾಡಿದೆ ಅನ್ನುವ ಸಮಾಧಾನ ಬೇರೆ.

ಅದೇ ಅಪ್ಪಗಳ ಪ್ರವಚನ ಊರಲ್ಲಿ ನಡೆದಾಗ ಜನ ಹೇಗೆ ಕೇಳುತ್ತಿದ್ದರು ನೆನೆಸಿಕೊಳ್ಳಿ. ಬೆಳ್ಳಂಬೆಳಗ್ಗೆ ಚಳಿಯಲ್ಲಿ ಚಾದರ ಹೊದ್ದು ಬಂದು ನೆಲದ ಮೇಲೆ ಕೂಡುತ್ತಿದ್ದರು. ಸಾವಿರಾರು ಜನ, ಕೆಮ್ಮಿದರೆ ಕೇಳುವಷ್ಟು ಸುಮ್ಮನೆ. ಮುಗಿದ ಮೇಲೆ ಎದ್ದು ಹೊಲಕ್ಕೆ, ಕಚೇರಿಗೆ.

ಹಾಗಾಗಿ ಹೀಗೆ ಮಾಡಿ. ವಾರಕ್ಕೆ ಒಂದು ಪೂರ್ತಿ ಪ್ರವಚನ ಆರಿಸಿ. ಫೋನ್ ಬೋರಲು ಹಾಕಿ, ಕಿವಿಯಿಂದ ಮಾತ್ರ ಕೇಳಿ. ನಡುವೆ ನಿಲ್ಲಿಸಬೇಡಿ. ತುಣುಕುಗಳನ್ನು ನೋಡಬೇಡಿ, ಯಾರಿಗೂ ಕಳಿಸಬೇಡಿ. ಶುಭೋದಯಕ್ಕೆ ಉತ್ತರ ಕೊಡದಿದ್ದರೆ ಯಾರೂ ಸಾಯುವುದಿಲ್ಲ. ನಾನು ನಿಲ್ಲಿಸಿ ಮೂರು ವರ್ಷ ಆಯಿತು, ಒಬ್ಬರೂ ಕೇಳಿಲ್ಲ.

ಊರ ಹೊರಗೆ

ನಾಲ್ಕು ಜನರ ಜೊತೆ ಕೂತರೆ ಸುಲಭ. ಅಮಾವಾಸ್ಯೆಗೋ ಸೋಮವಾರಕ್ಕೋ ಭಜನೆ ನಡೆಯುವ ಗುಡಿ ಹತ್ತಿರದಲ್ಲಿ ಇದ್ದೇ ಇರುತ್ತದೆ. ಹಾಡಲು ಬರಲ್ಲ ಅಂದರೆ ತಾಳ ಕೇಳಿ ಇಸಿದುಕೊಳ್ಳಿ. ಎರಡೂ ಕೈಯಲ್ಲಿ ತಾಳ ಇದ್ದವನು ಫೋನ್ ಹಿಡಿದಿದ್ದನ್ನು ನಾನಂತೂ ನೋಡಿಲ್ಲ.

ವರ್ಷಕ್ಕೆರಡು ಸಲ ಕೂಡಲಸಂಗಮಕ್ಕೆ ಹೋಗುತ್ತೇನೆ, ರವಿವಾರ ಬಿಟ್ಟು. ಕೃಷ್ಣಾ, ಮಲಪ್ರಭಾ ಕೂಡುವ ಜಾಗ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಸೇತುವೆ ದಾಟಿ ಹೋಗಿ ಮೆಟ್ಟಿಲು ಇಳಿಯಬೇಕು. ಇಳಿದ ಹಾಗೆ ತಂಪಾಗುತ್ತದೆ. ಮಳೆಗಾಲ ಮುಗಿದ ಹೊತ್ತಿಗೆ ಹೋದರೆ ಗೋಡೆಯಾಚೆ ನಿಮ್ಮ ತಲೆಗಿಂತ ಎತ್ತರಕ್ಕೆ ನೀರು ನಿಂತಿರುತ್ತದೆ, ನೀವು ಒಳಗೆ ಒಣಗಿದ ನೆಲದ ಮೇಲೆ. ಅಲ್ಲಿ ಇಳಿಯುವಾಗ ಫೋನ್ ತೆಗೆಯಬೇಡಿ. ಫೋಟೊ ಬೇಕೇ ಬೇಕು ಅಂದರೆ ಮೇಲೆ ಬಂದು ಸೇತುವೆ ಮೇಲಿಂದ ನದಿಯದ್ದು ತೆಗೆಯಿರಿ.

ಮೈಯಲ್ಲಿ ಕಸುವಿದ್ದವರು ಯುಗಾದಿಗೆ ಶ್ರೀಶೈಲದ ಪಾದಯಾತ್ರೆಗೋ ಆಷಾಢಕ್ಕೆ ಪಂಢರಪುರದ ದಿಂಡಿಗೋ ಹೋಗಿ ಬನ್ನಿ. ನಾನು ಶ್ರೀಶೈಲಕ್ಕೆ ಒಂದೇ ಸಲ ನಡೆದಿದ್ದು. ಮೂರನೇ ದಿನಕ್ಕೆ ಬ್ಯಾಟರಿ ಸತ್ತಿತ್ತು. ನಾಲ್ಕನೇ ದಿನ ಬರೀ ಕಾಲಿನ ಬೊಬ್ಬೆ ಮತ್ತು ಮಲ್ಲಯ್ಯ.

ತಪ್ಪಿದ ದಿನ

ತಪ್ಪುತ್ತದೆ. ಊರ ಜಾತ್ರೆ, ಮದುವೆ, ಜ್ವರ, ಅರ್ಜಿ ಹಾಕುವ ಕೊನೆಯ ದಿನದ ಗದ್ದಲ. ಮರುದಿನ ಎರಡರಷ್ಟು ಕೂತು ತುಂಬಿಸಲು ಹೋಗಬೇಡಿ, ಅದು ಸಾಲದ ಲೆಕ್ಕ ಆಗಿಬಿಡುತ್ತದೆ. ಅವತ್ತಿನದು ಅವತ್ತಿಗೆ. ಹತ್ತು ನಿಮಿಷಕ್ಕೂ ಹೊತ್ತಿಲ್ಲದ ದಿನ ಬೆರಳ ಮೇಲೆ ಒಂದು ಸುತ್ತು, ಹನ್ನೆರಡು ನಾಮ, ನಿಂತೇ ಹೇಳಿದರೂ ಆಯಿತು. ಅದನ್ನೂ ಕೂತ ಲೆಕ್ಕಕ್ಕೇ ಹಿಡಿಯಿರಿ.

ಅದೇ ಕ್ಯಾಲೆಂಡರಿನಲ್ಲಿ ಈಗ ಗೆರೆ ಎಳೆಯುವುದಿಲ್ಲ. ಕೂತ ದಿನ ಒಂದು ಚುಕ್ಕೆ. ಕಳೆದ ತಿಂಗಳು ಒಂಬತ್ತು ಮನೆ ಖಾಲಿ. ಏಳು ದಿನ ಅವ್ವನನ್ನು ಬಾಗಲಕೋಟೆಗೆ ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದೆ. ಉಳಿದ ಎರಡು ದಿನ ಅಂಗಿ ಮಾಸಿತ್ತು, ಒಗೆಯಲು ಹಾಕಿದ್ದೆವು. ಕಿಸೆ ಇರುವ ಅಂಗಿ ಹಾಕಿಕೊಂಡು ಕೂತೆ, ಅದಕ್ಕೆ ಚುಕ್ಕೆ ಇಡಲಿಲ್ಲ. ಮೊನ್ನೆ ಟೇಲರ್ ಕಾಕಾನಿಗೆ ಇನ್ನೊಂದು ಹೊಲಿಯಲು ಕೊಟ್ಟು ಬಂದಿದ್ದೇನೆ.